ರಸ್ತೆ ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ



ಶೆಟ್ಟಿಕೆರೆಯಿಂದ ತಿರುವನಂತಪುರದ ತನಕ ಗೆಳೆಯನ ಜೊತೆ ಬೈಕಲ್ಲಿ ಹೋಗಿಬಂದ ಫೋಟೋ ಹಾಕಿದ್ದೇ ತಡ, ಎರಡು ಥರದ ಮಾತು ಬಂದವು. ನಮ್ಮವರೇ ಕೆಲವರು, 'ಪೆಟ್ರೋಲ್‌ಗೆ ದುಡ್ಡಿದೆ, ಸಂಘಟನೆಗೆ ಟೈಮಿಲ್ವಾ?' ಅಂದರು. ಇನ್ನೊಂದು ಕಡೆಯವರು, 'ಬೈಕ್ ಬಂತಲ್ಲ, ಇನ್ಯಾಕೆ ಮೀಸಲಾತಿ?' ಅಂದರು. ಎರಡನೇದಕ್ಕೆ ಉತ್ತರ ಚಿಕ್ಕದು: ಬೈಕಿಗೆ ಇನ್ನೂ ಹದಿನಾಲ್ಕು ಕಂತು ಬಾಕಿ ಇದೆ, ಮೀಸಲಾತಿ ಇರೋದು ಗಾಡಿ ಕೊಡಿಸೋಕಲ್ಲ. ಮೊದಲನೇದಕ್ಕೆ ಸ್ವಲ್ಪ ಉದ್ದ ಹೇಳ್ಬೇಕು, ಯಾಕಂದ್ರೆ ಹೇಳಿದವರು ನಮ್ಮ ಅಣ್ಣಂದಿರು.

ಅಣ್ಣಂದಿರೇ, 1893ರಲ್ಲಿ ಅಯ್ಯಂಕಾಳಿ ಮಾಡಿದ್ದೇನು? ತಿರುವಾಂಕೂರಿನ ವೆಂಗಾನೂರಿನವರು, ಪುಲಯರು. ಪುಲಯರು ಸಾರ್ವಜನಿಕ ರಸ್ತೇಲಿ ಓಡಾಡೋ ಹಾಗಿರಲಿಲ್ಲ. ಅವರು ಅರ್ಜಿ ಬರೀತಾ ಕೂರಲಿಲ್ಲ. ಎತ್ತಿನಗಾಡಿ ಕೊಂಡರು, ಎರಡು ಎತ್ತು ಹೂಡಿದರು, ತಲೆಗೆ ಪೇಟ ಸುತ್ತಿ ಅದೇ ರಸ್ತೇಲಿ ಹೊಡ್ಕೊಂಡು ಹೋದರು. ಆವತ್ತು ಸವಾರಿಯೇ ಹೋರಾಟ. ಬಾಬಾಸಾಹೇಬರ ಕಥೆ ನಿಮಗೆ ಗೊತ್ತೇ ಇದೆ. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯೋಕೆ ಮಾತ್ರ ಟಾಂಗಾದವರು ಯಾರೂ ಒಪ್ಪಲಿಲ್ಲ. ಗಾಡಿ ಹೊಡೆದು ಅಭ್ಯಾಸವಿಲ್ಲದ ನಮ್ಮವರೊಬ್ಬರು ಲಗಾಮು ಹಿಡಿದರು. ಬಾಬಾಸಾಹೇಬರು ಬಿದ್ದು ಕಾಲು ಮುರಿದುಕೊಂಡರು. ನಮ್ಮ ಹುಡುಗ ಲೈಸೆನ್ಸ್ ಮಾಡಿಸಿ ಸ್ವಂತ ಗಾಡಿ ಓಡಿಸಿದ್ರೆ ಶೋಕಿ ಅನ್ನೋ ಮುಂಚೆ ಇದನ್ನ ನೆನೆಸ್ಕೊಳ್ಳಿ.

ನಾವು ತುರುವೇಕೆರೆ, ನಾಗಮಂಗಲ, ಮೈಸೂರು ದಾಟಿ ಗುಂಡ್ಲುಪೇಟೆ ಮೇಲೆ ವಯನಾಡಿಗೆ ಇಳಿದ್ವಿ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತೆ, ಅದೊಂದೇ ಅವಸರ. ಕೇರಳದಲ್ಲಿ ಎಲ್ಲಿ ನೋಡಿದ್ರೂ ತೆಂಗು. ನನ್ನ ಗೆಳೆಯ ಕಾಯಿ ಸುಲಿಯೋನು. ನಮ್ಮ ಕಡೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಸುಲಿದು ಉಂಡೆ ಕೊಬ್ಬರಿ ತೆಗೀತಾರಲ್ಲ, ಆ ಕೆಲಸ. 'ಎಷ್ಟು ಲಕ್ಷ ಕಾಯಿ ಸುಲಿದೀನೋ, ಒಂದು ಮರಾನೂ ನಂದಲ್ಲ. ಇಲ್ಲಿ ಯಾರ ಮರ ಅಂತ ಗೊತ್ತಿಲ್ವಲ್ಲ, ಅದಕ್ಕೇ ನೋಡಕ್ಕೆ ಚೆಂದ' ಅಂದ. ನಾನು ಏನೂ ಹೇಳಲಿಲ್ಲ.

ಹೈವೇಲಿ ನಮ್ಮನ್ನ ಯಾರೂ ಏನೂ ಕೇಳಲಿಲ್ಲ. ಕೇಳಿದ್ದು ವೈಕಂ ಹತ್ತಿರದ ಟೀ ಅಂಗಡೀಲಿ, ಅದೂ ಕನ್ನಡದಲ್ಲಿ. ಶಬರಿಮಲೆಗೆ ಹೊರಟಿದ್ದವರು ನಮ್ಮ ಗಾಡಿಯ ಕೆಎ 44 ನಂಬರ್ ನೋಡಿ ಓಡಿಬಂದ್ರು. 'ಓ, ತಿಪಟೂರು! ಯಾವೂರಾಯ್ತಪ್ಪಾ?' ಖುಷಿಯೋ ಖುಷಿ. ಬಾಳೆಹಣ್ಣಿನ ಚಿಪ್ಸ್ ಕೊಟ್ರು. ಆಮೇಲೆ, 'ಶೆಟ್ಟಿಕೆರೇಲಿ ಯಾರ ಪೈಕಿ?' ಎ.ಕೆ. ಕಾಲೋನಿ ಅಂದ್ವಿ. ಜಗಳ ಏನಿಲ್ಲ. ಟೀ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದ್ರು, ಅಷ್ಟೇ.

ಅದೇ ವೈಕಂನಲ್ಲಿ 1924ರ ಮಾರ್ಚ್ 30ರಂದು ದೇವಸ್ಥಾನದ ಸುತ್ತಿನ ರಸ್ತೇಲಿ ನಡೆಯೋಕೆ ಮೂರು ಜನ ಹೊರಟಿದ್ದರು: ಪುಲಯರ ಕುಂಜಪ್ಪಿ, ಈಳವರ ಬಾಹುಲೇಯನ್, ನಾಯರ್ ಜಾತಿಯ ಗೋವಿಂದ ಪಣಿಕ್ಕರ್. ನಾಯರ್‌ಗೆ ಆ ರಸ್ತೆ ಮುಚ್ಚಿರಲಿಲ್ಲ. ಆದರೂ ಜೊತೆಗಾರರ ಪಕ್ಕದಲ್ಲೇ ನಿಂತು ಅವರೂ ಬಂಧನಕ್ಕೊಳಗಾದರು. 'ನಾವು ಜಾತಿ ಮಾಡಲ್ಲ' ಅನ್ನೋ ಗೆಳೆಯರಿಗೆ ನನ್ನ ಪ್ರಶ್ನೆ ಇಷ್ಟೇ: ಟೀ ಮುಗಿಯೋ ತನಕವಾದ್ರೂ ಕೂರ್ತೀರಾ?

ಹಾಗಾಗಿ ಅಣ್ಣಂದಿರೇ, ನಿಲ್ಲಿಸಿ ಅನ್ನಬೇಡಿ, ನೀವೂ ಬನ್ನಿ. ನಮ್ಮ ಹುಡುಗರು ಗೋವಾ, ಊಟಿ ನೋಡಲಿ, ಬೇಡ ಅನ್ನಲ್ಲ. ಕೀಳ್ವೆಣ್ಮಣಿಯನ್ನೂ ನೋಡಲಿ. ಕೂಲಿ ಹೆಚ್ಚು ಕೇಳಿದ್ದಕ್ಕೆ 1968ರ ಡಿಸೆಂಬರ್ 25ರಂದು 44 ಜನರನ್ನ ಗುಡಿಸಲಲ್ಲಿ ಸುಟ್ಟ ಊರದು. ಅಷ್ಟು ದೂರ ಆಗಲ್ಲ ಅಂದ್ರೆ ನಮ್ಮದೇ ಚಿಂತಾಮಣಿ ಕಡೆ ಕಂಬಾಲಪಲ್ಲಿ ಇದೆ, 2000ದ ಮಾರ್ಚ್ 11, ಏಳು ಜನ. ಎರಡೂ ಕೇಸಲ್ಲಿ ಆರೋಪಿಗಳು ಖುಲಾಸೆಯಾದರು.

ಈ ಡಿಸೆಂಬರ್ 25ಕ್ಕೆ ಕೀಳ್ವೆಣ್ಮಣಿಗೆ ಹೊರಡ್ತಿದೀವಿ, ಹೋಗೋಕೆ ಎರಡು ದಿನದ ದಾರಿ. ಇಬ್ಬರು ಹೆಣ್ಮಕ್ಕಳು ಸ್ಕೂಟಿಯಲ್ಲಿ ಬರ್ತೀವಿ ಅಂದಿದಾರೆ. ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ. ಟಯರ್ ಈಗಲೇ ನೋಡಿಸ್ಕೊಳ್ಳಿ.