ಮುಟ್ಟದ ಪುಸ್ತಕಗಳ ಪಟ್ಟಿ ಮೊದಲು ಕೊಡಿ

ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆಯನ್ನು ಹೊಗಳುವವರೂ ತೆಗಳುವವರೂ ಹಿಡಿದು ಕೂತಿರುವುದು ಒಂದೇ ಅಂಕಿಯನ್ನು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳ ಬಾಗಿಲಿಗೆ ಬಂದವು ಎಂದು ಒಬ್ಬರು ಬೀಗಿದರೆ, ದುಡ್ಡೆಲ್ಲ ವಿದೇಶಿ ಪ್ರಕಾಶಕರ ಪಾಲಾಯಿತು ಎಂದು ಇನ್ನೊಬ್ಬರು ಗೊಣಗುತ್ತಾರೆ. ನಮ್ಮ ಗ್ರಂಥಾಲಯಗಳು ಈಗಾಗಲೇ ಕೊಂಡಿಟ್ಟದ್ದರಲ್ಲಿ ಬಳಕೆಯಾದದ್ದೆಷ್ಟು ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡದ ಗ್ರಂಥಾಲಯ ತಂತ್ರಾಂಶ, ಅದೆಷ್ಟೇ ದುಬಾರಿಯದಾಗಿರಲಿ, ಬಾರ್‌ಕೋಡ್ ಅಂಟಿಸಿಕೊಂಡ ಅಕ್ಸೆಷನ್ ರಿಜಿಸ್ಟರ್ ಅಷ್ಟೆ.

ಇಷ್ಟು ಖಾರವಾಗಿ ಹೇಳಲು ಕಾರಣ 39.8 ಎಂಬ ಅಂಕಿ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ 1969ರಲ್ಲಿ 36,892 ಪುಸ್ತಕಗಳನ್ನು ಸೇರಿಸಿಕೊಂಡಿತ್ತು. ಅಲೆನ್ ಕೆಂಟ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಎರವಲು ಲೆಕ್ಕ ತೆಗೆದು ನೋಡಿದರು. 1975ರ ಕೊನೆಯವರೆಗೂ ಅವುಗಳಲ್ಲಿ ಶೇ 39.8ರಷ್ಟು ಒಮ್ಮೆಯೂ ಇಷ್ಯೂ ಆಗಿರಲಿಲ್ಲ. 1979ರಲ್ಲಿ ವರದಿ ಹೊರಬಿದ್ದಾಗ ಅಲ್ಲಿನ ಪ್ರಾಧ್ಯಾಪಕರು ಲೆಕ್ಕ ಹಾಕಿದ ಕ್ರಮವೇ ಸರಿಯಿಲ್ಲ ಎಂದು ತಿರುಗಿಬಿದ್ದರು. ತಕರಾರು ಹಾಗೇ ಇರಲಿ. ಮೂರು ದಶಕ ಕಳೆದು, 2010ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯ ತನ್ನ ಲೆಕ್ಕ ತೆಗೆಯಿತು. 1990ರಿಂದೀಚೆಗೆ ಪ್ರಕಟವಾಗಿ ಅಲ್ಲಿಗೆ ಬಂದ ಪುಸ್ತಕಗಳಲ್ಲಿ ಅರ್ಧಕ್ಕೂ ಹೆಚ್ಚು ಕಪಾಟು ಬಿಟ್ಟು ಕದಲಿರಲೇ ಇಲ್ಲ. ಹಣಕ್ಕೂ ಸಿಬ್ಬಂದಿಗೂ ಕೊರತೆಯಿಲ್ಲದ ಊರುಗಳ ಕಥೆ ಇದು.

ನಮ್ಮಲ್ಲಿ ಈ ಶೇಕಡಾವಾರು ಎಷ್ಟಿದ್ದೀತು? ಲೆಕ್ಕ ಹಾಕಲು ಸಾಧನವಿಲ್ಲ ಎನ್ನುವಂತಿಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ಹುಟ್ಟಿ 2000ದಲ್ಲಿ ಚಾಲೂ ಆದ, ನಮ್ಮ ಎಷ್ಟೋ ಕಾಲೇಜುಗಳು ಬಳಸುತ್ತಿರುವ ಉಚಿತ ತಂತ್ರಾಂಶ ‘ಕೋಹಾ’ದ ವರದಿ ವಿಭಾಗದಲ್ಲೇ ಒಮ್ಮೆಯೂ ಎರವಲು ಹೋಗದ ಪ್ರತಿಗಳ ಪಟ್ಟಿ ಸಿದ್ಧವಾಗಿದೆ. ಹೊಸದಾಗಿ ಕೋಡ್ ಬರೆಯಬೇಕಿಲ್ಲ, ಗುಂಡಿ ಒತ್ತಿದರಾಯಿತು. ಆದರೆ ಒತ್ತಿ ಎಂದು ಹೇಳುವವರು ಬೇಕಲ್ಲ! ಸಂಯೋಜಿತ ಕಾಲೇಜುಗಳಿಗೆಂದು ಮೌಲ್ಯಮಾಪನ ಸಂಸ್ಥೆ ನ್ಯಾಕ್ ಕೊಟ್ಟ ಕೈಪಿಡಿಯ 4.2.1ರಲ್ಲಿ ಕೇಳಿದ್ದು ನಾಲ್ಕು ವಿವರ: ತಂತ್ರಾಂಶದ ಹೆಸರು, ಗಣಕೀಕರಣ ಪೂರ್ಣವೋ ಭಾಗಶಃವೋ, ಆವೃತ್ತಿ ಯಾವುದು, ಯಾವ ವರ್ಷದಲ್ಲಿ ಆಯಿತು. ಅದೇ ಕೈಪಿಡಿಯಲ್ಲಿ ದಿನಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವೂ ಉಂಟು. ಬಂದವರು ಯಾವ ಪುಸ್ತಕ ಒಯ್ದರು, ಯಾವುದಕ್ಕೆ ದೂಳು ಹಿಡಿಯಿತು ಎಂಬುದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಸಂಗತಿಗೆ ನಮ್ಮ ಕಾಲೇಜುಗಳಲ್ಲಿ ಕೆಲಸವೂ ಇಲ್ಲ.

ಹಾಗಾದರೆ ಮುಟ್ಟದ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಬೇಕೆ? ಖಂಡಿತ ಬೇಡ. ಕನ್ನಡ ಪುಸ್ತಕಗಳ ಗತಿ ನೋಡಿದರೆ ಕಾರಣ ತಿಳಿಯುತ್ತದೆ. ವಿದ್ಯಾರ್ಥಿಯೊಬ್ಬಳು ಗ್ರಂಥಾಲಯದ ಕಂಪ್ಯೂಟರಿನಲ್ಲಿ ‘ಚೋಮನ ದುಡಿ’ ಎಂದು ಕನ್ನಡದಲ್ಲಿ ಟೈಪಿಸುತ್ತಾಳೆ ಎನ್ನೋಣ. ಕ್ಯಾಟಲಾಗಿನಲ್ಲಿ ಹೆಸರಿರುವುದು ಬರೀ ರೋಮನ್ ಲಿಪಿಯಲ್ಲಾದರೆ ಫಲಿತಾಂಶ ಸೊನ್ನೆ. ಇಂಗ್ಲಿಷ್ ಅಕ್ಷರಕ್ಕೆ ಹೊರಳಿದರೂ ನಿಶ್ಚಿಂತೆಯಿಲ್ಲ. ‘ದು’ಗೆ ಒಬ್ಬರು ‘ಯು’ ಹಾಕಿರುತ್ತಾರೆ, ಇನ್ನೊಬ್ಬರು ‘ಡಬಲ್ ಓ’. ಯೂನಿಕೋಡ್‌ಗೆ ಮೊದಲಿನ ಫಾಂಟಿನಲ್ಲಿ ತುಂಬಿಸಿಟ್ಟ ಹಳೆಯ ದತ್ತಾಂಶವಾದರಂತೂ ಹುಡುಕಾಟಕ್ಕೆ ಅದು ಗೀಚು. ಪುಸ್ತಕ ಎರಡನೇ ಮಹಡಿಯ ಕಪಾಟಿನಲ್ಲಿದೆ, ಆಕೆ ಇಲ್ಲವೆಂದುಕೊಂಡು ಹೋಗುತ್ತಾಳೆ. ಅದನ್ನು ಬರೆದ ಶಿವರಾಮ ಕಾರಂತರನ್ನು ಓದುವವರಿಲ್ಲ ಎಂದು ಎರವಲು ಲೆಕ್ಕ ಸಾಕ್ಷಿ ನುಡಿಯುತ್ತದೆ. ತಂತ್ರಜ್ಞಾನದ ಮೇಲೆ ತಪ್ಪು ಹೊರಿಸುವಂತಿಲ್ಲ: ಇನ್‌ಫ್ಲಿಬ್‌ನೆಟ್‌ನ ಗ್ರಂಥಾಲಯ ತಂತ್ರಾಂಶ ‘ಸೋಲ್ 2.0’ ಯೂನಿಕೋಡ್‌ನೊಂದಿಗೆ ಬಂದದ್ದು 2009ರಲ್ಲಿ, ಮೂಲ ಲಿಪಿಯ ಹೆಸರಿಗೆಂದೇ ಕ್ಯಾಟಲಾಗ್ ದಾಖಲೆಯ ನಮೂನೆಯಾದ ಮಾರ್ಕ್ 21ರಲ್ಲಿ 880 ಎಂಬ ಜಾಗವಿದೆ. ತುಂಬುವವರಿಗೆ ಪುರುಸೊತ್ತಿಲ್ಲ, ತುಂಬಿ ಎಂದು ಆಡಳಿತ ಹೇಳಿಲ್ಲ.

ಅಂದರೆ ಮುಟ್ಟದ ಪುಸ್ತಕಗಳ ಪಟ್ಟಿಯಲ್ಲಿ ಯಾರಿಗೂ ಬೇಡವಾದವುಗಳ ಜೊತೆ ಬೇಕಿದ್ದವರ ಕಣ್ಣಿಗೆ ಬೀಳದವೂ ಇರುತ್ತವೆ. ಇವನ್ನು ಬೇರ್ಪಡಿಸುವುದೇ ಗ್ರಂಥಪಾಲಕರ ಅಸಲಿ ಕಸುಬು. ಅದನ್ನು ಮಾಡಲು ಬಿಡದೆ ಅವರನ್ನು ಪರೀಕ್ಷಾ ಕೆಲಸಕ್ಕೆ, ಪ್ರವೇಶಾತಿ ಕೆಲಸಕ್ಕೆ ಎಳೆದೊಯ್ಯುವುದು ಬೇರೆ ಮಾತು.

ಚಂದಾ ಯೋಜನೆ ಬಂದಮೇಲೆ ತೊಡಕು ಇಮ್ಮಡಿಸಿದೆ. ಮುದ್ರಿತ ಪುಸ್ತಕ ಕೋಹಾದಲ್ಲೋ ಸೋಲ್‌ನಲ್ಲೋ ಇರುತ್ತದೆ. ಡಿಜಿಟಲ್ ಪ್ರಬಂಧ ಬೇರೊಂದು ಪೋರ್ಟಲ್‌ನಲ್ಲಿ. ಎರಡನ್ನೂ ಒಟ್ಟಿಗೆ ಜೋಡಿಸದ ಹೊರತು ಒಂದು ಕಡೆ ಹುಡುಕಿದವರಿಗೆ ಇನ್ನೊಂದು ಕಡೆಯದು ಕಾಣದು. ಡೌನ್‌ಲೋಡ್ ಎಣಿಸಲು ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಆ ಎಣಿಕೆಯನ್ನೂ ಎರವಲು ಲೆಕ್ಕವನ್ನೂ ವಿಷಯವಾರು ಒಂದೇ ಹಾಳೆಯಲ್ಲಿ ಇಟ್ಟರೆ, ಯಾವ ವಿಭಾಗ ಪರದೆಯ ಮೇಲೆ ಓದುತ್ತಿದೆ, ಯಾವುದು ಕಾಗದವನ್ನೇ ನೆಚ್ಚಿದೆ ಎಂಬುದು ಕಾಣುತ್ತದೆ. ಜರ್ನಲ್ ಚಂದಾದಿಂದ ಉಳಿದ ಹಣವಿದ್ದರೆ ಅದು ಎಲ್ಲಿಗೆ ಹೋಗಬೇಕೆಂದು ಆಗ ಖರೀದಿ ಸಮಿತಿಗೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಈಗಿನ ಮಂಜೂರಾತಿ 2025ರಿಂದ 2027ರವರೆಗೆ ಮಾತ್ರ. ಮುಂದಿನ ಚೌಕಾಸಿಗೆ ಪ್ರಕಾಶಕರು ತಮ್ಮ ಡೌನ್‌ಲೋಡ್ ಲೆಕ್ಕವನ್ನು ಅಚ್ಚುಕಟ್ಟಾಗಿ ಹಿಡಿದು ಬರುತ್ತಾರೆ. ಕುಲಪತಿಗಳು ಅಷ್ಟರೊಳಗೆ ತಮ್ಮ ಗ್ರಂಥಪಾಲಕರಿಂದ ಮುಟ್ಟದ ಪುಸ್ತಕಗಳ ಆ ಒಂದು ವರದಿಯನ್ನಾದರೂ ತರಿಸಿಕೊಳ್ಳಲಿ.