ನವಿಲು ಉಬ್ಬಿ ನಿಂತಾಗ…

ಸಿನಿಮಾ ನಾಯಕಿಯ ಕೈಗೆ ಮೆಹಂದಿ ಏರಲು ಎಷ್ಟು ಹೊತ್ತು ಬೇಕು? ಒಂದೇ ಹಾಡು! ಪಲ್ಲವಿಗೆ ಕೋನ್ ಹಿಡಿದರೆ ಕೊನೆಯ ಚರಣಕ್ಕೆ ಮೊಣಕೈತನಕ ಕಡುಗೆಂಪು. 1995ರಲ್ಲಿ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬಂದು ಶಾರುಖ್ ಕುಣಿದ ಮೇಲಂತೂ, ಆ ಮೆಹಂದಿ ಹಾಡು ಬಾರದ ಬ್ಯಾಂಡಿನವರಿಗೆ ಮುಂಗಡವೇ ಇಲ್ಲ!

ಕನ್ನಡದ ‘ಐಶ್ವರ್ಯ’ದಿಂದ (2006) ತೆರೆಗೆ ಬಂದ ನಮ್ಮ ದೀಪಿಕಾ 2018ರಲ್ಲಿ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಮದುವೆಯಾದಾಗ ಮೆಹಂದಿ ಬಿಡಿಸಿದವರು ಮುಂಬೈಯ ವೀಣಾ ನಾಗ್ಡಾ. ಫೋಟೋ ಬಂದದ್ದೇ ತಡ, ಊರೂರ ಹುಡುಗಿಯರಿಗೂ ಅಂಥದೇ ಬೇಕು!

ಆದರೆ ದೋಸ್ತರೇ, ಇವತ್ತಿನ ಮಾತು ತಾರೆಯರದ್ದಲ್ಲ, ಚಡಚಣದ್ದು.

ಮಹಾರಾಷ್ಟ್ರದ ಗಡಿಗೆ ಅಂಟಿದ ಈ ಊರಿಗೆ ಮದುವೆ ಬಸ್ತಾ ಕಟ್ಟಿಸಲು ಆಚೆಯವರೂ ಬರುತ್ತಾರೆ, ಈಚೆಯವರೂ ಬರುತ್ತಾರೆ. ನಮ್ಮ ಕಾಕಾನ ಮಗಳ ಬಸ್ತಾ ಕಟ್ಟಿಸಿದ ದಿನ ಕೋನ್ ತರುವ ಕೆಲಸ ನನಗೆ ಬಂತು. “ಸಿನಿಮಾದ್ದು ಬರೀತಿ, ಇದೆಲ್ಲಾ ನಿನಗ ಗೊತ್ತಿರ್ತದ” ಅಂದಳು ಚಿಗವ್ವ. ನನಗೇನು ಗೊತ್ತು, ಮಣ್ಣು! ಅಂಗಡಿಯವ ಎರಡು ನಮೂನೆ ತೋರಿಸಿದ. ಒಂದು ಸಾದಾ. ಇನ್ನೊಂದು ಹತ್ತು ನಿಮಿಷಕ್ಕೆ ಕರ್ರಗೆ ಏರುವಂಥಾದ್ದು. ನಾನು ಎತ್ತಿಕೊಂಡದ್ದು ಯಾವುದು ಅಂತ ಹೇಳಬೇಕೆ?

ನಮ್ಮ ಅವ್ವಂದಿರು ಗೋರಂಟಿ ಎಲೆ ಅರೆದು ಅಂಗೈಗೊಂದು ದುಂಡು ಚಂದ್ರ, ಬೆರಳ ತುದಿಗೆ ಟೊಪ್ಪಿಗೆ ಹಾಕಿಕೊಂಡರೆ ಮುಗಿಯುತ್ತಿತ್ತು. ಈಗಿನದು ಹಾಗಲ್ಲ. ಓಣಿಯ ಹುಡುಗಿ ಮೂರು ತಾಸು ಕೂತು ಜಾಳಿಗೆ ಹೆಣೆದಳು, ಮಾವಿನಕಾಯಿ ಬರೆದಳು, ಮೊಣಕೈ ಹತ್ತಿರ ಎರಡು ನವಿಲು, ಬಳ್ಳಿಯೊಳಗೆ ವರನ ಹೆಸರಿನ ಮೊದಲಕ್ಷರ. ತೊಳೆದರೆ ಕಾಡಿಗೆಯಂಥ ಕಪ್ಪು! ಎಲ್ಲರೂ ಬಾಯಿ ತೆರೆದರು. ನಾನಂತೂ ಕಾಲರ್ ಎತ್ತಿಕೊಂಡೆ.

ಮರುದಿನ ಸಂಜೆ, “ಅಣ್ಣಾ, ಕೈ ಉರಿಲಾಕತ್ತಾವೋ” ಅಂದಳು. ಅಕ್ಕಿಕಾಳಿನ ದಿನ ಬೆಳಿಗ್ಗೆ ನೋಡಿದರೆ ಗೆರೆಗೆರೆಗೂ ಬೊಬ್ಬೆ. ನವಿಲು ನವಿಲಾಗಿಯೇ ಉಬ್ಬಿ ನಿಂತಿತ್ತು! ಸೆರಗಿನೊಳಗೆ ಕೈ ಮುಚ್ಚಿಕೊಂಡೇ ತಾಳಿ ಕಟ್ಟಿಸಿಕೊಂಡಳು. ಫೋಟೋದವ “ಕೈ ತೋರಸ್ರಿ ಅಕ್ಕಾರ” ಅಂದಾಗಲೆಲ್ಲ ನಾನು ಪೆಂಡಾಲದ ಹಿಂದೆ.

ಡಾಕ್ಟರರು ಬಿಡಿಸಿ ಹೇಳಿದರು. ಗೋರಂಟಿಯಲ್ಲಿ ಕರಿಬಣ್ಣವೇ ಇಲ್ಲ. ಅದರ ಲಾಸೋನ್ ಮೊದಲು ಕಿತ್ತಳೆ ಬಣ್ಣ ಕೊಟ್ಟು, ಒಂದೆರಡು ದಿನಕ್ಕೆ ಕಂದುಗೆಂಪಿಗೆ ತಿರುಗುತ್ತದೆ. ಹಸಿ ಮೆಹಂದಿ ಆರೆಂಟು ತಾಸು ಕೈಮೇಲೆ ಇರಬೇಕು. ನಿಮಿಷದೊಳಗೆ ಕರ್ರಗಾಗುವ ಕೋನಿಗೆ ತಲೆಗೂದಲ ಡೈಯೊಳಗಿನ ಪಿಪಿಡಿ ಸೇರಿಸಿರುತ್ತಾರೆ. ಮೊದಲ ಸಲ ಸುಮ್ಮನಿದ್ದ ಮೈ ಎರಡನೇ ಸಲ ಸಿಡಿದೇಳಬಹುದು. ಹಿಂದೊಮ್ಮೆ ಗೆಳತಿಯ ಮದುವೆಯಲ್ಲಿ ಇವಳೂ ಅಂಥದೇ ಹಚ್ಚಿಕೊಂಡಿದ್ದಳಂತೆ. ಇನ್ನು ಜನ್ಮದಲ್ಲಿ ಕರಿ ಡೈ ಮುಟ್ಟುವಂತಿಲ್ಲ.

ಬೊಬ್ಬೆ ಆರಿದವು, ನವಿಲಿನ ಬಿಳಿಚು ಗುರುತು ತಿಂಗಳುಗಟ್ಟಲೆ ಉಳಿಯಿತು. ಕೋನ್ ತಂದವ ಯಾರು ಅಂತ ಅತ್ತೆಮನೆಯಲ್ಲಿ ಕೇಳಿದರೂ ಆಕೆ ಬಾಯಿ ಬಿಡಲಿಲ್ಲ. ಅದೇ ನನಗೆ ಹೆಚ್ಚು ಉರಿಯುತ್ತದೆ.

ಈಗ ಅವಳ ತಂಗಿಯ ಮದುವೆ ಗೊತ್ತಾಗಿದೆ. ಮೊನ್ನೆ ಫೋನು ಬಂತು: “ಬಸ್ತಾಕ ನೀ ಬರಲೇಬೇಕು ಅಣ್ಣಾ. ಕೋನ್ ಮಾತ್ರ ನಾ ತರ್ತೀನಿ!”