ಹನ್ನೊಂದು ತಿಂಗಳ ನೌಕರಿ



ನನ್ನ ತಮ್ಮ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷದಿಂದ ಅದೇ ಲೇತ್ ಮಷೀನಿನ ಮುಂದೆ ನಿಂತಿದ್ದಾನೆ. ಕಾಗದದಲ್ಲಿ ಮಾತ್ರ ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಅವನು ಹೊಸಬ. ಒಂದು ವಾರ ಮನೆಯಲ್ಲಿ ಕೂರಿಸಿ, ಬೇರೊಬ್ಬ ಗುತ್ತಿಗೆದಾರನ ಹೆಸರಿನ ಗುರುತಿನ ಚೀಟಿ ಕೊಡುತ್ತಾರೆ. ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಅಂಥ ಎಂಟು ಚೀಟಿಗಳಿವೆ.

ಆರ್ಡರ್ ಹೆಚ್ಚಿದಾಗ ತಾತ್ಕಾಲಿಕವಾಗಿ ಜನರನ್ನು ತೆಗೆದುಕೊಂಡರೆ ತಪ್ಪೇನಿಲ್ಲ. ವರ್ಷವಿಡೀ ಇರುವ ಕೆಲಸಕ್ಕೂ ಹೀಗೇಕೆ? 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷದ ನಿರಂತರ ಸೇವೆ ಕೇಳುತ್ತಿತ್ತು. 2025ರ ನವೆಂಬರ್‌ನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಸಾಕು. ಹನ್ನೊಂದೇ ತಿಂಗಳಿಗೆ ಕೈಬಿಡುವವರಿಗೆ ಏನು ಹೇಳುವುದು? ಕಾರ್ಮಿಕ ಇಲಾಖೆಯವರು ಹಾಜರಿ ಪುಸ್ತಕವನ್ನಷ್ಟೇ ನೋಡದೆ, ಮಷೀನಿನ ಮುಂದೆ ನಿಂತವರನ್ನೂ ಮಾತನಾಡಿಸಲಿ.

– ಓದುಗಿ, ಬೆಂಗಳೂರು